ವರ್ಗಸಮೀಕರಣ ಯಾರ ತಲೆಯಲ್ಲಿತ್ತು

ನಮ್ಮ ಊರಿನಲ್ಲಿ ಒಬ್ಬರು ಒಂದು ಪಾಠವನ್ನು ಕಲಿತರೆ ಇನ್ನೊಬ್ಬರು ಅದನ್ನು ಮರೆಯುತ್ತಾರೆ. ಮರೆಯುವ ಸರದಿ ಯಾರದೆಂಬುದರಲ್ಲಿ ಗೊಂದಲವಿಲ್ಲ: ಆ ಪಾಠವನ್ನು ಎಲ್ಲರಿಗಿಂತ ಹೆಚ್ಚು ಕಾಲ ಬಳಸದೆ ಇಟ್ಟುಕೊಂಡವರು ಯಾರೋ ಅವರದು. ಆದ್ದರಿಂದ ಓದಿದವರ ಓಣಿಗಳಲ್ಲಿ ಬೆಳಗಾಗುತ್ತಿದ್ದಂತೆ ಜನ ತಮಗೆ ತಿಳಿದಿರುವುದನ್ನೆಲ್ಲ ಒಮ್ಮೆ ಬಾಯಲ್ಲಿ ಆಡಿಸಿ ಇಡುತ್ತಾರೆ. ಒಣಗಲು ಹರಡಿದ ಕಾಳಿಗೆ ಹೇಳುವ ಹಾಗೆ ಇದಕ್ಕೂ ತಿರುವಿ ಹಾಕುವುದು ಎಂದೇ ಹೆಸರು. ಹಾಲು ತರಲು ಹೊರಟ ವಕೀಲರು ಕಾಯ್ದೆಯ ಕಲಮುಗಳನ್ನು ಗುನುಗುತ್ತಿರುತ್ತಾರೆ. ನಿವೃತ್ತ ತಹಶೀಲ್ದಾರರು ಹಲ್ಲುಜ್ಜುತ್ತ ಉಪನದಿಗಳನ್ನು ಎಣಿಸುತ್ತಾರೆ. ನಮ್ಮ ಪಕ್ಕದ ಮನೆಯ ದಂತವೈದ್ಯರು ಜ್ವರದಲ್ಲಿ ಮಲಗಿ ಎದ್ದಾಗ ಕೋರೆಹಲ್ಲಿಗೂ ದವಡೆಹಲ್ಲಿಗೂ ಇರುವ ವ್ಯತ್ಯಾಸ ಅವರನ್ನು ಬಿಟ್ಟುಹೋಗಿತ್ತು. ಅದೇ ವಾರ ಎದುರು ಮನೆಯ ಹುಡುಗಿ ಅದೇ ವಿಷಯದಲ್ಲಿ ಪಾಸಾಗಿದ್ದಳು. ಆ ಎರಡು ಮನೆಗಳ ನಡುವೆ ಇಂದಿಗೂ ಮಾತಿಲ್ಲ.

ಊರಿಗೆ ಒಂದು ಕಾಲೇಜು, ದಿಬ್ಬದ ಮೇಲೆ. ದಿಬ್ಬದ ಕೆಳಗೆ, ನೂಲಿಗೆ ಬಣ್ಣ ಹಾಕುವವರ ಓಣಿಯಲ್ಲಿ, ಒಂದು ಶಾಲೆ. ಆ ಶಾಲೆಗೆ ಗಣಿತದ ಶಿಕ್ಷಕರು ಎಂದೂ ಬಂದಿರಲಿಲ್ಲ. ಹುದ್ದೆ ಮಂಜೂರಾಗುತ್ತಿತ್ತು, ಅರ್ಜಿಗಳು ಬರುತ್ತಿದ್ದವು, ಆಮೇಲೆ ಏನೋ ಒಂದು ಆಗಿ ನಿಂತುಹೋಗುತ್ತಿತ್ತು. ಇದರಲ್ಲಿ ಪಿತೂರಿಯೇನೂ ಇರಲಿಲ್ಲ. ದಿಬ್ಬದ ಮೇಲಿನ ಪ್ರತಿಯೊಬ್ಬ ಸಭ್ಯ ಮನುಷ್ಯನೂ ತಾನೊಬ್ಬನೇ ಆ ಕಡತವನ್ನು ತುಸು ತಡೆದೆನೆಂದು ತಿಳಿದಿದ್ದ, ಅಷ್ಟೆ.

ಹೀಗಿರುವಾಗ ದೂರದ ಇಲಾಖೆಯಿಂದ ಒಂದು ಸುತ್ತೋಲೆ ಬಂದಿತು. ಕಾಲೇಜು ಮತ್ತು ಶಾಲೆ ಸಹಭಾಗಿಗಳಾಗಿ ಕಲಿಕೆಯ ಅಂತರವನ್ನು ನಿವಾರಿಸತಕ್ಕದ್ದು. ಕೆಳಗಿನ ಶಾಲೆಯಿಂದ ಕನಿಷ್ಠ ಒಬ್ಬ ವಿದ್ಯಾರ್ಥಿಯಾದರೂ ಈ ವರ್ಷ ಕಾಲೇಜಿನ ವಿಜ್ಞಾನ ವಿಭಾಗವನ್ನು ಸೇರತಕ್ಕದ್ದು. ಆ ಇಲಾಖೆಯ ಊರಿನಲ್ಲಿ ಒಬ್ಬರು ಕಲಿತರೆ ಇನ್ನೊಬ್ಬರು ಮರೆಯುವುದಿಲ್ಲವೆಂದು ಕಾಣುತ್ತದೆ. ಆಗಷ್ಟೇ ಭೌತಶಾಸ್ತ್ರದಲ್ಲಿ ಪದವಿ ಪಡೆದು ಕೆಲಸ ಹುಡುಕುತ್ತಿದ್ದ ನನ್ನನ್ನು ಯೋಜನೆಯ ಸಂಯೋಜಕಿಯಾಗಿ ನೇಮಿಸಿದರು. ನೇಮಕಪತ್ರ ಕೊಟ್ಟವರು ಕಾಲೇಜಿನ ಪ್ರಾಚಾರ್ಯ ಶಿವಯೋಗೆಪ್ಪ ಹುಣಸಿಕಟ್ಟಿ. ಅವರು ಹಿಂದೆ ಗಣಿತದ ಅಧ್ಯಾಪಕರಾಗಿದ್ದು, ಪ್ರಾಚಾರ್ಯರಾದ ಮೇಲೆ ಸೀಮೆಸುಣ್ಣ ಮುಟ್ಟಿರಲಿಲ್ಲ.

"ನೋಡು ವೈಜಯಂತಿ, ಅಂತರ ಹೋಗಬೇಕು. ಅದರಾಗ ಎರಡು ಮಾತಿಲ್ಲ," ಎಂದರು. "ಆದರ ಯಾರದೂ ಏನೂ ಕಡಿಮಿ ಆಗಬಾರದು."

"ಹಂಗಾದರ ಕಲಿಸೂದು ಹೆಂಗ್ರಿ ಸರ್?"

"ಕಲಿಸು ಅಂತ ನಾ ಎಲ್ಲಿ ಅಂದೆ? ಸಹಭಾಗಿ ಆಗು. ಪ್ರೇರಣಾ ಕೊಡು. ಗಣಿತದ ಮಹತ್ವ ಹೇಳು. ಗಣಿತ ಹೇಳಬ್ಯಾಡ."

ಮೊದಲ ಮೂರು ತಿಂಗಳು ನಾವು ಬಹಳ ಸಹಭಾಗಿಗಳಾಗಿದ್ದೆವು. ಶಾಲೆಯ ಗೋಡೆಯ ಮೇಲೆ ಎರಡು ಕೈಗಳು ಒಂದನ್ನೊಂದು ಹಿಡಿದಿರುವ ಚಿತ್ರ ಬರೆಸಿದೆವು. ಮೇಲಿನ ಕೈ ಯಾವುದೆಂಬ ಚರ್ಚೆಗೆ ಒಂದು ಇಡೀ ಸಭೆ ಬೇಕಾಯಿತು. ಮಕ್ಕಳನ್ನು ದಿಬ್ಬ ಹತ್ತಿಸಿ ಕಾಲೇಜಿನ ಗ್ರಂಥಾಲಯವನ್ನು ಕಿಟಕಿಯ ಹೊರಗಿನಿಂದ ತೋರಿಸಿದೆವು. ಪ್ರಯೋಗಾಲಯದಲ್ಲಿ ಗಾಜಿನ ನಳಿಕೆಗಳನ್ನು ಖಾಲಿಯಾಗಿಯೇ ಮುಟ್ಟಲು ಅವಕಾಶ ಕೊಟ್ಟೆವು. ಇಷ್ಟಾದರೂ ಊರಿನಲ್ಲಿ ಒಬ್ಬರೂ ಏನನ್ನೂ ಮರೆಯಲಿಲ್ಲ. ಯೋಜನೆ ಯಶಸ್ವಿಯಾಗಿದೆಯೆಂದು ಎಲ್ಲರೂ ಒಪ್ಪಿದರು.

ನಾಲ್ಕನೆಯ ತಿಂಗಳಿನಲ್ಲಿ ಗಣಿತದ ಮಹತ್ವವನ್ನು ಕುರಿತು ಉಪನ್ಯಾಸ ಕೊಡಲು ನಾನು ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯಿನಿ ಖೈರುನ್ನಿಸಾ ಟೀಚರ್ ಹಿಂದಿನ ಬೆಂಚಿನಲ್ಲಿ ಕುಳಿತು ಕೇಳುತ್ತಿದ್ದರು. ಗಣಿತವಿಲ್ಲದೆ ಸೇತುವೆಯಿಲ್ಲ, ವಿಮಾನವಿಲ್ಲ ಎಂದು ನಾನು ಕ್ರಮವಾಗಿ ವಿವರಿಸಿ ಮುಗಿಸಿದಾಗ ಹತ್ತನೆಯ ತರಗತಿಯ ಒಬ್ಬ ಹುಡುಗಿ ಎದ್ದು ನಿಂತಳು. ಅವಳ ಹೆಸರು ಸಾವಂತ್ರಿ. ಕೈಗಳು ಬೆರಳಿನಿಂದ ಮೊಣಕೈಯವರೆಗೆ ಬಣ್ಣದಲ್ಲಿ ಅದ್ದಿದಂತಿದ್ದವು.

"ಅಕ್ಕೋರ, ಮಹತ್ವ ಮುಗೀತೇನ್ರಿ?"

"ಮುಗೀತು."

"ಹಂಗಾದ್ರ ಇನ್ನ ಗಣಿತ ಸುರು ಮಾಡ್ರಿ."

ತರಗತಿ ನಕ್ಕಿತು. ಅವಳು ನಗಲಿಲ್ಲ. ಅರಿಶಿಣದ ಬಣ್ಣಕ್ಕೆ ಸುಣ್ಣ ತಾಕಿದರೆ ಕೆಂಪಾಗುವುದು, ಹುಳಿ ತಾಕಿದರೆ ಮತ್ತೆ ಹಳದಿಯಾಗುವುದು ಏಕೆಂದು ಅವಳಿಗೆ ತಿಳಿಯಬೇಕಿತ್ತು. ಅದನ್ನು ಹೇಳುವವರು ಕಾಲೇಜಿನ ವಿಜ್ಞಾನ ವಿಭಾಗದಲ್ಲಿ ಇದ್ದರು. ವಿಜ್ಞಾನ ವಿಭಾಗಕ್ಕೆ ಪ್ರವೇಶ ಬೇಕಾದರೆ ಪ್ರಾಚಾರ್ಯರ ಎದುರು ಕುಳಿತು ಗಣಿತದ ಲೆಕ್ಕಗಳನ್ನು ಬಿಡಿಸಬೇಕಿತ್ತು. ಅವರ ಕೊನೆಯ ಪ್ರಶ್ನೆ ಪ್ರತಿ ವರ್ಷವೂ ವರ್ಗಸಮೀಕರಣದ ಮೇಲೆಯೇ ಇರುತ್ತಿತ್ತು. ಸಾವಂತ್ರಿಗೆ ಭಿನ್ನರಾಶಿಯೇ ಬರುತ್ತಿರಲಿಲ್ಲ.

"ಸೀಟ್ ಸಿಗಲಿಲ್ಲಂದ್ರ ಬ್ಯಾಸಗ್ಯಾಗಿಂದ ಬಣ್ಣದ ಹಂಡೇದ ಮುಂದ ನಿಂದ್ರು ಅಂದಾಳ ನಮ್ಮವ್ವ," ಎಂದಳು. "ಅಕೀ ತಪ್ಪಲ್ರೀ. ಅಕ್ಕನೂ ಹಂಗ ನಿಂತಾಳ."

ನಾನು ಸುತ್ತೋಲೆಯನ್ನು ಮತ್ತೊಮ್ಮೆ ಓದಿದೆ. ಅದರಲ್ಲಿ ಮಹತ್ವ ಎಂಬ ಪದವೇ ಇರಲಿಲ್ಲ. ಬೋಧಿಸತಕ್ಕದ್ದು ಎಂದು ಸ್ಪಷ್ಟವಾಗಿ ಇತ್ತು. ಪ್ರಾಚಾರ್ಯರ ಬಾಯಿಮಾತಿಗಿಂತ ಇಲಾಖೆಯ ಲಿಖಿತ ಆದೇಶ ಮೇಲಿನದೆಂದು ನಮ್ಮ ಸೇವಾ ನಿಯಮಗಳೂ ಹೇಳುತ್ತವೆ. ಮರುದಿನದಿಂದ ನಾನು ಭಿನ್ನರಾಶಿ ಆರಂಭಿಸಿದೆ.

ಪರಿಣಾಮ ಮೊದಲು ಕಾಣಿಸಿಕೊಂಡದ್ದು ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷ ಬಾಳಪ್ಪನವರಲ್ಲಿ. ಅವರು ಆ ವಾರ ಬಾವಿಯಿದ್ದ ಹೊಲವನ್ನು ತಮ್ಮನೊಂದಿಗೆ ಹಂಚಿಕೊಳ್ಳುತ್ತಿದ್ದರು. ಸ್ವಲ್ಪ ಭಾಗವನ್ನು ಊರಿನ ಗೋಮಾಳಕ್ಕೆ ಬಿಡುವುದೆಂದು ಮಾತಾಗಿತ್ತು. ಪಂಚರ ಎದುರು ಬಾಳಪ್ಪನವರು ಬಹಳ ಉದಾರವಾಗಿ, "ನೀ ಮೂರರಾಗ ಒಂದು ತಗೋ ತಮ್ಮಾ, ನನಗ ನಾಕರಾಗ ಒಂದು ಇರ್ಲಿ," ಎಂದರು. ನಾಲ್ಕು ಮೂರಕ್ಕಿಂತ ದೊಡ್ಡದಲ್ಲವೇ ಎಂಬ ತೃಪ್ತಿ ಅವರ ಮುಖದಲ್ಲಿತ್ತಂತೆ. ತಮ್ಮ ಒಂದು ಕ್ಷಣ ಅಣ್ಣನನ್ನೇ ನೋಡಿ, ಕಾಲು ಮುಟ್ಟಿ ನಮಸ್ಕರಿಸಿ, ಅಲ್ಲಿಯೇ ಸಹಿ ಹಾಕಿದ.

ಆಮೇಲೆ ದಿಬ್ಬದ ಮೇಲೆ ಒಬ್ಬೊಬ್ಬರಿಂದ ಒಂದೊಂದು ಜಾರತೊಡಗಿತು. ಬ್ಯಾಂಕಿನ ವ್ಯವಸ್ಥಾಪಕರನ್ನು ಸರಳ ಬಡ್ಡಿ ಬಿಟ್ಟುಹೋಯಿತು. ಅವರು ಒಂದು ವಾರ ಎಲ್ಲರಿಗೂ ಚಹಾ ಕೊಟ್ಟು ಕಳಿಸಿದರು. ಕಾಲೇಜಿನ ಇತಿಹಾಸದ ಅಧ್ಯಾಪಕರು ಋಣ ಸಂಖ್ಯೆಗಳನ್ನು ಕಳೆದುಕೊಂಡು, ಕ್ರಿಸ್ತಪೂರ್ವದ ಅರಸರು ಹುಟ್ಟುವ ಮೊದಲೇ ಸಾಯುತ್ತಾರೆಂದು ತರಗತಿಯಲ್ಲಿ ಗಾಬರಿಯಾದರು. ಕೆಳಗೆ ಸಾವಂತ್ರಿ ಬೀಜಗಣಿತದವರೆಗೆ ಬಂದಿದ್ದಳು.

ತುರ್ತು ಸಭೆ ಸೇರಿತು. ನನ್ನನ್ನು ನಿಲ್ಲಿಸಿಯೇ ವಿಚಾರಿಸಿದರು.

"ನಿನಗ ಏನ್ ಹೇಳಿದ್ದೆ? ಏನ್ ಮಾಡಿದಿ?" ಎಂದರು ಪ್ರಾಚಾರ್ಯರು.

"ನನ್ನ ಹೊಲಾ ಹೋತು!" ಎಂದರು ಬಾಳಪ್ಪನವರು. "ಸಹಭಾಗಿತ್ವ ಅಂದ್ರ ನಮ್ಮ ಭಾಗ ಹೋಗೂದೇನು?"

ನಾನು ಸಂಗ್ರಹಿಸಿದ್ದ ಮಾಹಿತಿಯನ್ನು ಸಭೆಯ ಮುಂದಿಟ್ಟೆ. ಪಾಠ ಕಳೆದುಕೊಂಡವರಲ್ಲಿ ಅದನ್ನು ಬೇರೆಯವರಿಗೆ ಕಲಿಸುತ್ತಿದ್ದವರು ಒಬ್ಬರೂ ಇಲ್ಲ. ಖೈರುನ್ನಿಸಾ ಟೀಚರ್ ಬೆಳಿಗ್ಗೆ ಏನನ್ನೂ ತಿರುವಿ ಹಾಕುವುದಿಲ್ಲ; ಆದರೂ ಅವರಿಂದ ಒಂದು ಪದ್ಯವೂ ಹೋಗಿಲ್ಲ, ಏಕೆಂದರೆ ದಿನವಿಡೀ ಕಲಿಸುತ್ತಾರೆ. ಆದ್ದರಿಂದ ಪಾಠವನ್ನು ಉಳಿಸಿಕೊಳ್ಳುವ ಅತ್ಯಂತ ಖಚಿತವಾದ ಮಾರ್ಗ ಕೆಳಗಿನ ಶಾಲೆಗೆ ಹೋಗಿ ಅದನ್ನು ಕಲಿಸುವುದೇ ಆಗಿದೆ.

ಕೂಡಲೇ ರಸಾಯನಶಾಸ್ತ್ರದ ಅಧ್ಯಾಪಕರು ಎದ್ದು, "ಸೋಮವಾರ ಮೊದಲನೇ ಪಿರಿಯಡ್ ನಂದು," ಎಂದರು. ಜೀವಶಾಸ್ತ್ರದವರು ಸೋಮವಾರ ಮೊದಲನೆಯದನ್ನು ತಾವು ಮನಸ್ಸಿನಲ್ಲಿ ಆಗಲೇ ಹಿಡಿದಿದ್ದಾಗಿ ಹೇಳಿದರು. ಅಂತರ ನಿವಾರಣೆಯ ಬಗ್ಗೆ ಅಂಥ ಉತ್ಸಾಹವನ್ನು ನಮ್ಮ ಊರು ಹಿಂದೆಂದೂ ಕಂಡಿರಲಿಲ್ಲ.

ಮರುವಾರ ಅಧ್ಯಾಪಕರು ಸಾಲುಸಾಲಾಗಿ ದಿಬ್ಬ ಇಳಿದರು. ಒಂದೇ ತರಗತಿಯಲ್ಲಿ ಕಿಟಕಿಗೊಬ್ಬರು ನಿಂತು ಬೋಧಿಸಿದರು. ಮಕ್ಕಳು ಸಾಲದೆ ಬಂದಾಗ ಬಣ್ಣದ ಹಂಡೆಗಳ ಬಳಿಗೂ ಹೋದರು.

"ಅಕ್ಕೋರ, ಉಣ್ಣಾಕ ಬಿಡವಲ್ರು," ಎಂದು ಸಾವಂತ್ರಿ ದೂರಿದಳು. "ತಾಟಿನ ಮುಂದ ಕುಂತ್ರ ಒಬ್ರು ಬಂದು ಜೀರ್ಣಾಂಗ ಅಂತಾರ. ನಮ್ಮವ್ವ ನೂಲು ಹಿಂಡಾಕತ್ತಿದ್ಲು, ಅಕೀಗೆ ಒಬ್ರು ಗುರುತ್ವಾಕರ್ಷಣ ಹೇಳಿ, ಹಿಂಡೂದನ್ನ ಕೆಡಿಸಿ ಹೋದ್ರು."

"ಏನರ ತಿಳೀತ?"

"ಒಂದೂ ತಿಳೀಲಿಲ್ರೀ."

ಇದನ್ನು ನಾನು ಮೊದಲೇ ಊಹಿಸಬೇಕಿತ್ತು. ಕಲಿಸಿದರೆ ತಮ್ಮ ಪಾಠ ಉಳಿಯುತ್ತದೆ, ಆದರೆ ಮಗು ಕಲಿತರೆ ದಿಬ್ಬದ ಮೇಲಿನ ಇನ್ನೊಬ್ಬರಿಂದ ಅದು ಹೋಗುತ್ತದೆ. ಆ ಇನ್ನೊಬ್ಬರು ತಮ್ಮ ಬೀಗರೋ ಸಹೋದ್ಯೋಗಿಯೋ ಆಗಿರಬಹುದು. ಆದ್ದರಿಂದ ಅಧ್ಯಾಪಕರು ಪರಸ್ಪರ ಸೌಜನ್ಯದಿಂದ, ಯಾರಿಗೂ ಏನೂ ತಿಳಿಯದ ಹಾಗೆ ಬೋಧಿಸುವ ವಿಧಾನವನ್ನು ಅನುಸರಿಸಿದರು. ಇದಕ್ಕಾಗಿ ಅವರಿಗೆ ಪ್ರತ್ಯೇಕ ತರಬೇತಿ ಬೇಕಾಗಲಿಲ್ಲ.

ನಾನು ಮತ್ತು ಖೈರುನ್ನಿಸಾ ಟೀಚರ್ ಮಾತ್ರ, ಅಧ್ಯಾಪಕರು ದಿಬ್ಬ ಹತ್ತಿದ ಮೇಲೆ ಸಾವಂತ್ರಿಯನ್ನು ಕೂರಿಸಿಕೊಂಡು ತಿಳಿಯುವ ಹಾಗೆ ಹೇಳಿಕೊಡುತ್ತಿದ್ದೆವು. ಪ್ರವೇಶ ಪರೀಕ್ಷೆ ಹತ್ತಿರವಾದಂತೆ ಉಳಿದದ್ದು ವರ್ಗಸಮೀಕರಣವೊಂದೇ. ಅದು ದಿಬ್ಬದವರಿಗೂ ತಿಳಿದಿತ್ತು. ವರ್ಗಸಮೀಕರಣ ಇದ್ದವರೆಲ್ಲ ಎಚ್ಚರವಿರುವಷ್ಟು ಹೊತ್ತೂ ಅದನ್ನೇ ತಿರುವತೊಡಗಿದರು. ಸಂತೆಯಲ್ಲಿ ಬದನೆಕಾಯಿ ಆರಿಸುವವರ ತುಟಿಯ ಮೇಲೂ ಅದೇ. ಹೀಗೆ ಎಲ್ಲರೂ ಹಿಡಿದು ಕುಳಿತದ್ದರಿಂದ ಅದು ಯಾರಿಂದಲೂ ಕಳಚಲಿಲ್ಲ. ಕಳಚದೆ ಸಾವಂತ್ರಿಗೆ ಬರುವಂತಿರಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನದವರೆಗೂ ನಾನು ಒಂದೇ ಲೆಕ್ಕವನ್ನು ಬೇರೆಬೇರೆ ರೀತಿಯಲ್ಲಿ ಬಿಡಿಸಿ ತೋರಿಸಿದೆ.

"ಒಂದೊಂದು ಸಾಲು ತಿಳೀತೈತ್ರಿ," ಎಂದಳು ಸಾವಂತ್ರಿ. "ಕೂಡಿಸಿದ್ರ ಏನೂ ಇಲ್ಲ. ಬಾಗಿಲ ತನಕ ಬಂದು ಹೊಳ್ಳಿ ಹೋಕ್ಕೈತಿ."

"ನಾನ ಬಿಟ್ಟುಬಿಡ್ತೀನಿ," ಎಂದೆ ನಾನು. "ನನ್ನದು ಹೋದ್ರ ಇಕೀಗೆ ಬರ್ತೈತಿ."

ಖೈರುನ್ನಿಸಾ ಟೀಚರ್ ನನ್ನನ್ನು ಗದರಿಸಿದರು. "ಶಾಣ್ಯಾಕಿ ಅದೀ ನೋಡು! ಇಕೀ ಹಿಂದ ಬರೂ ಹುಡುಗರಿಗೆ ಯಾರು ಹೇಳ್ತಾರ, ನಿಮ್ಮಪ್ಪ? ಬಿಡೂದಿದ್ರ, ಇಟಗೊಂಡು ಏನೂ ಮಾಡದವರು ಬಿಡ್ಲಿ. ನೀ ಈಗ ನಡಿ, ನಿಮ್ಮ ಕಾರ್ಯಕ್ರಮಕ್ಕ ಹೊತ್ತಾತು. ನಾ ಇಕೀ ಜೋಡಿ ಕೂಡ್ರತೀನಿ."

ಕಾರ್ಯಕ್ರಮವೆಂದರೆ ಯೋಜನೆಯ ಸಮಾರೋಪ. ಕಾಲೇಜಿನ ಸಭಾಂಗಣದಲ್ಲಿ ಇಲಾಖೆಯ ಅಧಿಕಾರಿ ಬಂದು ಕುಳಿತಿದ್ದರು. ನಿರೂಪಣೆ ನನ್ನದು. ನಮ್ಮ ಊರಿನ ಭಾಷಣಗಳು ಬಹಳ ಚಿಕ್ಕವು. ಹೊರಗಿನವರು ಇದನ್ನು ಶಿಸ್ತೆಂದು ಹೊಗಳುತ್ತಾರೆ. ನಿಜವೆಂದರೆ ಮಾತನಾಡುತ್ತಿರುವವನ ಬಾಯಿಗೆ ಬೇರೇನನ್ನೂ ತಿರುವಲು ಬಿಡುವಿರುವುದಿಲ್ಲ. ಕೇಳುವವರಿಗೆ ಆ ತೊಂದರೆಯಿಲ್ಲ. ಆದ್ದರಿಂದ ನಿರೂಪಕರ ಮೇಜಿನ ಮೇಲೆ ಒಂದು ಗಂಟೆ ಇರುತ್ತದೆ. ಅಪಾಯ ಆಗುವ ಮೊದಲೇ ಅದನ್ನು ಬಾರಿಸಿ ಭಾಷಣಕಾರರನ್ನು ಕೂರಿಸಬೇಕು.

ಹುಣಸಿಕಟ್ಟಿಯವರು ಮಾತನಾಡಲು ಎದ್ದರು. ನಾನು ಗಂಟೆಯನ್ನು ನೋಡಿದೆ. ಸಭಾಂಗಣವನ್ನೂ ನೋಡಿದೆ. ಮುಂದಿನ ಸಾಲಿನಿಂದ ಕೊನೆಯ ಸಾಲಿನವರೆಗೆ ಪ್ರತಿಯೊಂದು ತುಟಿಯೂ ಅಲುಗುತ್ತಿತ್ತು. ನಾನಾದರೋ ಮಧ್ಯಾಹ್ನದವರೆಗೆ ಅದನ್ನೇ ಕಲಿಸಿ ಬಂದವಳು. ವರ್ಗಸಮೀಕರಣವನ್ನು ಹೊಂದಿದ್ದು, ಬೆಳಗಿನಿಂದ ಅತಿಥಿ ಸತ್ಕಾರದಲ್ಲಿ ಓಡಾಡಿ, ಈಗ ಧ್ವನಿವರ್ಧಕದ ಮುಂದೆ ನಿಂತು ಅದನ್ನು ತಿರುವಲಾಗದ ವ್ಯಕ್ತಿ ಇಡೀ ಊರಿನಲ್ಲಿ ಒಬ್ಬರೇ ಇದ್ದರು.

ನಾನು ಗಂಟೆಯನ್ನು ಬಾರಿಸಲಿಲ್ಲ.

ಅವರು ಸ್ವಾಗತ ಮುಗಿಸಿ, ರೂಢಿಯಂತೆ ನನ್ನತ್ತ ನೋಡಿದರು. ನಾನು ಕೈಜೋಡಿಸಿ, "ಸರ್, ಸಾಹೇಬರು ಭಾಳ ಆಸಕ್ತಿಯಿಂದ ಕೇಳಾಕತ್ತಾರ. ಮುಂದುವರಿಸ್ರಿ," ಎಂದು ಪಿಸುಗುಟ್ಟಿದೆ. ಅಧಿಕಾರಿ ಅದೇ ಕ್ಷಣಕ್ಕೆ ತಲೆಯಾಡಿಸಿದರು, ಅವರು ತೂಕಡಿಸುತ್ತಿದ್ದರು. ಹುಣಸಿಕಟ್ಟಿಯವರಿಗೆ ಜೀವನದಲ್ಲಿ ಮೊದಲ ಬಾರಿಗೆ ಪೂರ್ತಿ ಭಾಷಣ ಮಾಡುವ ಅವಕಾಶ ದೊರೆತಿತ್ತು. ಅವರು ಕಾಲೇಜಿನ ಸ್ಥಾಪನೆಯಿಂದ ಆರಂಭಿಸಿದರು. ಸ್ಥಾಪಕರ ತಂದೆಯವರಿಗೆ ಹೋದರು. ಅಲ್ಲಿಂದ ವಿದ್ಯೆಯ ಉಗಮಕ್ಕೆ, ಮಾನವ ಬೆಂಕಿ ಕಂಡುಹಿಡಿದ ಕಾಲಕ್ಕೆ ಹೋದರು. ಬಾಳಪ್ಪನವರು ನನಗೆ ಗಂಟೆಯ ಕಡೆ ಸನ್ನೆ ಮಾಡಿದರು. ನಾನು ಅವರಿಗೆ ನೀರಿನ ಲೋಟ ಕಳುಹಿಸಿದೆ.

"ಈ ಸಹಭಾಗಿತ್ವ ಅನ್ನೂದು ಹೆಂಗಂದ್ರ," ಎಂದು ಹುಣಸಿಕಟ್ಟಿಯವರು ಕೊನೆಗೂ ವಿಷಯಕ್ಕೆ ಬಂದರು, "ಒಂದು ವರ್ಗಸಮೀಕರಣ ಇದ್ದಂಗ. ಶಾಲೆ ಒಂದು ಮೂಲ, ಕಾಲೇಜು ಇನ್ನೊಂದು ಮೂಲ. ಇವೆರಡನ್ನೂ ನಾವು..."

ಅವರು ನಿಂತರು. ಮೇಲೆ ನೋಡಿದರು. ಜೇಬು ಮುಟ್ಟಿಕೊಂಡರು.

"ಇವೆರಡನ್ನೂ ನಾವು... ಇರ್ಲಿ. ಒಟ್ಟಿನ ಮ್ಯಾಲೆ ಒಳ್ಳೇದು."

ಸಭಾಂಗಣ ಚಪ್ಪಾಳೆ ತಟ್ಟಿತು. ಅಧಿಕಾರಿ ಎಚ್ಚೆತ್ತು ತಾವೂ ತಟ್ಟಿದರು. ನಾನು ಗಂಟೆ ಬಾರಿಸಿದೆ. ಸಂಜೆ ದಿಬ್ಬ ಇಳಿದು ಹೋದಾಗ ಸಾವಂತ್ರಿ ಶಾಲೆಯ ಹಲಗೆಯನ್ನು ತುಂಬಿಸಿ, ಗೋಡೆಯ ಮೇಲಿನ ಆ ಎರಡು ಕೈಗಳ ಮೇಲೂ ಲೆಕ್ಕ ಬಿಡಿಸುತ್ತಿದ್ದಳು. ಖೈರುನ್ನಿಸಾ ಟೀಚರ್ ಅವಳಿಗೆ ಸೀಮೆಸುಣ್ಣ ಮುರಿದು ಕೊಡುತ್ತಿದ್ದರು.

ಮರುದಿನ ಬೆಳಿಗ್ಗೆ ಪರೀಕ್ಷೆ. ಸಂಯೋಜಕಿಯಾದ್ದರಿಂದ ನಾನೂ ಪ್ರಾಚಾರ್ಯರ ಕೋಣೆಯಲ್ಲಿ ಕುಳಿತಿದ್ದೆ. ಮೊದಲಿನ ಲೆಕ್ಕಗಳನ್ನು ಸಾವಂತ್ರಿ ಸಲೀಸಾಗಿ ಬಿಡಿಸಿದಳು. ಕೊನೆಯ ಪ್ರಶ್ನೆಯನ್ನು ಹುಣಸಿಕಟ್ಟಿಯವರು ಹಿಂದಿನ ವರ್ಷದ ಪತ್ರಿಕೆ ನೋಡಿ ಓದಿದರು: ಒಂದು ಸಂಖ್ಯೆಯ ವರ್ಗದಿಂದ ಅದರ ಐದು ಪಟ್ಟನ್ನು ಕಳೆದು ಆರನ್ನು ಕೂಡಿಸಿದರೆ ಸೊನ್ನೆ ಬರುತ್ತದೆ, ಆ ಸಂಖ್ಯೆ ಯಾವುದು? ಅವಳು ಹಾಳೆಯ ಮೇಲೆ ಬರೆದು, "ಋಣ ಎರಡು, ಋಣ ಮೂರು ಆಕ್ಕಾವ್ರಿ," ಎಂದಳು. ಚಿಹ್ನೆ ತಪ್ಪಿತ್ತು. ಹುಣಸಿಕಟ್ಟಿಯವರು ಕಣ್ಣು ಮುಚ್ಚಿ, ಬಹಳ ಗಂಭೀರವಾಗಿ ತಲೆಯಾಡಿಸಿ, "ಸರಿ," ಎಂದರು.

ಅವಳು ಹೊರಗೆ ಹೋದಳು. ನಾನು ಏನು ಮಾಡಬೇಕೆಂದು ನಿಶ್ಚಯಿಸುವ ಮೊದಲೇ ಬಾಗಿಲು ಮತ್ತೆ ತೆರೆಯಿತು.

"ಸರ್, ತಪ್ಪು ಹೇಳಿದ್ನಿ. ಗಾಬರ್ಯಾಗಿತ್ತು. ಹೊರಗ ನಿಂತು ಹಾಕಿ ನೋಡಿದ್ರ ಇಪ್ಪತ್ತು ಬಂತು, ಸೊನ್ನೆ ಬರಲಿಲ್ಲ. ಅವು ಬರೇ ಎರಡು, ಮೂರು. ಋಣ ಇಲ್ಲ."

ಹುಣಸಿಕಟ್ಟಿಯವರು ಮತ್ತೆ ಕಣ್ಣು ಮುಚ್ಚಿದರು. "ಅದೂ ಸರಿ," ಎಂದರು.

"ಎರಡೂ ಹೆಂಗ ಸರಿ ಆಕ್ಕಾವ್ರಿ ಸರ್?"

"ನೋಡವ್ವ, ಸಹಭಾಗಿತ್ವದಾಗ ನಾವು ತಪ್ಪು ಅಂತ ಯಾರಿಗೂ ಅನ್ನೂದಿಲ್ಲ. ಸೀಟ್ ಸಿಕ್ತಿಲ್ಲೋ? ಖುಷಿಯಾಗಿ ಹೋಗು." ಅವರು ಪ್ರವೇಶ ಪತ್ರಕ್ಕೆ ಸಹಿ ಹಾಕಿ ಮುಂದಕ್ಕೆ ಸರಿಸಿದರು.

ಸಾವಂತ್ರಿ ಅದನ್ನು ಮುಟ್ಟಲಿಲ್ಲ. ನನಗೆ ಕುರ್ಚಿಯಲ್ಲಿ ಕೂರುವುದು ಕಷ್ಟವಾಯಿತು. ತಗೋ, ತಗೊಂಡು ನಡಿ ಎಂದು ಕಣ್ಣಿನಲ್ಲಿಯೇ ಹೇಳಿದೆ. ಅವಳು ನನ್ನನ್ನು ನೋಡಲೇ ಇಲ್ಲ. ಬಣ್ಣದ ಬೆರಳಿನಿಂದ ಉತ್ತರದ ಹಾಳೆಯನ್ನು ಅವರ ಕಡೆಗೆ ತಿರುಗಿಸಿ ಇಟ್ಟಳು.

"ತಪ್ಪಿಗೆ ತಪ್ಪು ಹಾಕ್ರಿ ಸರ್. ಆಮ್ಯಾಲೆ ಸರಿಗೆ ಸರಿ ಹಾಕ್ರಿ. ಸೀಟು ಆಮ್ಯಾಲೆ ತಗೋತೀನಿ."

ಹುಣಸಿಕಟ್ಟಿಯವರು ಕೆಂಪು ಪೆನ್ನು ತೆಗೆದುಕೊಂಡರು. ಹಾಳೆಯ ಮೇಲೆ ಅದನ್ನು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ, ಅಲ್ಲಿಂದ ಮತ್ತೆ ಮೊದಲಿನ ಸಾಲಿಗೆ ಒಯ್ದರು. ಎಲ್ಲಿಯೂ ಇಳಿಸಲಿಲ್ಲ. ಪೆನ್ನು ಗಾಳಿಯಲ್ಲಿಯೇ ನಿಂತಿತ್ತು. ಸಾವಂತ್ರಿ ಸ್ವಲ್ಪ ಹೊತ್ತು ಕಾದಳು. ಅವಳ ಮುಖದಲ್ಲಿ ಮೊದಲು ಅನುಮಾನ, ನಂತರ ಆಶ್ಚರ್ಯ ಕಾಣಿಸಿತು. ಆಮೇಲೆ ಅವಳು ಮೇಜಿನ ಮೇಲೆ ಬಾಗಿ, ಧ್ವನಿಯನ್ನು ತಗ್ಗಿಸಿ, "ಇಲ್ಲಿ ರೀ ಸರ್," ಎಂದು ಮೊದಲನೆಯ ಸಾಲಿನ ಪಕ್ಕದಲ್ಲಿ ಬೆರಳಿಟ್ಟಳು. ಅವರು ಅಲ್ಲಿ ತಪ್ಪು ಹಾಕಿದರು. ಬೆರಳು ಕೆಳಗೆ ಸರಿಯಿತು, ಪೆನ್ನು ಅದರ ಹಿಂದೆಯೇ ಹೋಯಿತು.